ಗುಜರಿಯ ತಕ್ಕಡಿ, ಅಂಬಾಸಡರ್‌ನ ತಗಡು

ಹಾವೇರಿಯಿಂದ ರಾಣೆಬೆನ್ನೂರಿನವರೆಗೆ ಹಳೇ ಪಿ.ಬಿ. ರಸ್ತೆಯ ಆಜುಬಾಜಿನ ಗ್ಯಾರೇಜುಗಳ ಹಿತ್ತಲಲ್ಲಿ, ಮೋಟೆಬೆನ್ನೂರಿನ ಹತ್ತಿರ ಹೊರಳಿ ಬ್ಯಾಡಗಿಗೆ ಹೋದರೆ ಮೆಣಸಿನಕಾಯಿ ಗೋದಾಮುಗಳ ಹಿಂದೆ, ಈಗಲೂ ಅಲ್ಲೊಂದು ಇಲ್ಲೊಂದು ಅಂಬಾಸಡರ್ ಕಣ್ಣಿಗೆ ಬೀಳುತ್ತದೆ. ಎಂಜಿನ್ ಎಂದೋ ಹೋಗಿರುತ್ತದೆ, ಗಾಲಿಗಳ ಜಾಗದಲ್ಲಿ ಕಲ್ಲು ಇಟ್ಟಿರುತ್ತಾರೆ. ಮನೆಯವರಿಗೆ ಅದು ಜಾಗ ತಿನ್ನುವ ವಸ್ತು, ಗುಜರಿಯವರಿಗೆ ಇಷ್ಟು ಕಿಲೋ ಕಬ್ಬಿಣ. ಹಳೇ ಕಾರಿಗೆ ಮರುಜೀವ ಕೊಡುವವರಿಗೆ ಮಾತ್ರ ಅದು ಡೋನರ್ ಕಾರು: ಮಡ್ಗಾರ್ಡು, ಬಾನೆಟ್ಟು, ಬಾಗಿಲು, ಡಿಕ್ಕಿ ಮುಚ್ಚಳ ಬಿಚ್ಚಿ ತಂದು ಇನ್ನೊಂದು ಕಾರಿಗೆ ಕೂಡಿಸಬಹುದಾದ ಕಾರು. ಈ ಪದ್ಧತಿಯನ್ನು ನಾನು ಒಪ್ಪುತ್ತೇನೆ. ನಮ್ಮ ಕಡೆ ಅದು ನಡೆಯುತ್ತಿರುವ ರೀತಿಯನ್ನು ಒಪ್ಪಲಾರೆ.

ಒಪ್ಪುವುದಕ್ಕೆ ಕಾರಣ ಸರಳ. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಕಾರ್ಖಾನೆ 2014ರ ಮೇ ತಿಂಗಳಲ್ಲಿ ಕೆಲಸ ನಿಲ್ಲಿಸಿತು. ಅಲ್ಲಿಂದಾಚೆಗೆ ಹೊಸ ತಗಡು ಹುಟ್ಟುವ ಮಾತಿಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಅಚ್ಚಿನಲ್ಲಿ 1958ರಲ್ಲಿ ಬಂದ ಈ ಕಾರಿನ ಗ್ರಿಲ್ಲು, ದೀಪ, ಡ್ಯಾಶ್‌ಬೋರ್ಡು, ಎಂಜಿನ್ ಕಾಲಕಾಲಕ್ಕೆ ಬದಲಾದವು. ಮೈಕಟ್ಟು ಮಾತ್ರ ಕೊನೆಯವರೆಗೂ ಹೆಚ್ಚುಕಡಿಮೆ ಅದೇ ಉಳಿಯಿತು. ಅದಕ್ಕೇ ತೊಂಬತ್ತರ ದಶಕದ ಟ್ಯಾಕ್ಸಿಯ ತಗಡು ಅರವತ್ತರ ದಶಕದ ಮಾರ್ಕ್ 2ಗೂ ಒದಗಿಬರುವುದುಂಟು. ದೀಪದ ತೂತು, ಪಟ್ಟಿ ಕೂರುವ ಜಾಗ ಹೊಂದುತ್ತವೆಯೇ ಎಂದು ಅಳತೆ ಹಿಡಿದು ನೋಡಬೇಕು, ಅಷ್ಟೇ.

ತಗಡನ್ನು ಬಡಿದು ಹೊಸದಾಗಿ ಮಾಡಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಮಾಡಿಸಬಹುದು. ಅಂಬಾಸಡರ್‌ನ ಮುಂದಿನ ಮಡ್ಗಾರ್ಡು ಹೆಡ್‌ಲೈಟಿನಿಂದ ಬಾಗಿಲಿನ ಕಡೆಗೆ ಇಳಿಯುವಾಗ ಎರಡು ದಿಕ್ಕಿಗೆ ಬಾಗುತ್ತದೆ; ಆ ಬಾಗನ್ನು ಸುತ್ತಿಗೆಯಲ್ಲಿ ಎಬ್ಬಿಸಬಲ್ಲ ಹಳೇ ಟಿಂಕರ್‌ಗಳು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ, ಆ ಕೈಗೆ ನನ್ನ ನಮಸ್ಕಾರ. ಆದರೆ ಆ ಕೆಲಸಕ್ಕೆ ಬೇಕಾದ ದಿನಗಳನ್ನು ಯಾರೂ ಅವರಿಗೆ ಕೊಡುವುದಿಲ್ಲ. ಕೊಡದಿದ್ದಾಗ ಉಳಿದ ಬಾಗನ್ನು ಪುಟ್ಟಿ ತುಂಬುತ್ತದೆ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಪುಟ್ಟಿ ಬಿರಿಯುತ್ತದೆ. ಕಾರ್ಖಾನೆಯ ಪ್ರೆಸ್ಸಿನಲ್ಲಿ ಒತ್ತಿ ತೆಗೆದ ಮೂಲ ತಗಡು ಸಿಕ್ಕರೆ ಆ ಪಾಡಿಲ್ಲ.

ಸಿಗುವುದು ಎಂಥ ತಗಡು ಎಂಬಲ್ಲಿಂದ ತಕರಾರು ಶುರು. ಕಾರವಾರ, ಮಂಗಳೂರಿನ ಉಪ್ಪುಗಾಳಿ ತಿಂದ ಕಾರಿಗಿಂತ ನಮ್ಮ ಬಯಲುಸೀಮೆಯ ಕಾರು ಮೇಲು, ನಿಜ. ಆದರೆ ಇಲ್ಲಿಯ ಎರೆಮಣ್ಣಿಗೆ ಬೇರೆಯದೇ ಗುಣವಿದೆ. ಹೊಲದ ದಾರಿಯಲ್ಲಿ ಓಡಿದ ಕಾರಿನ ಮಡ್ಗಾರ್ಡಿನ ಒಳಮೈಗೆ, ಬಾಗಿಲಿನ ಕೆಳಗಿನ ಸಿಲ್ಲಿನ ಸಂದಿಗೆ ಅದು ಮೆತ್ತಿಕೊಂಡು ಕೂರುತ್ತದೆ. ಹೊರಗೆಲ್ಲ ಒಣಗಿದರೂ ಒಳಗೆ ಹಸಿ ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಬಣ್ಣ ಮಿನುಗುತ್ತಿರುತ್ತದೆ, ಹಿಂದಿನಿಂದ ಜಂಗು ತಿನ್ನುತ್ತಿರುತ್ತದೆ. ಹಾಗಾಗಿ ಬೆಲೆ ಮಾತಾಡುವ ಮೊದಲು ಕಾರಿನ ಕೆಳಗೆ ಮಲಗಿ, ಸ್ಕ್ರೂಡ್ರೈವರಿನಿಂದ ಆ ಮಣ್ಣನ್ನು ಕೆದಕಿ ನೋಡಬೇಕು. ಜೇಬಿನಲ್ಲೊಂದು ಅಯಸ್ಕಾಂತ ಇರಬೇಕು: ತಗಡಿಗೆ ಅಂಟದ ಕಡೆ ಪುಟ್ಟಿ ಇದೆ, ಅಂಥ ತಗಡನ್ನು ಮೂಲದ್ದೆಂದು ಹೊತ್ತುಕೊಂಡು ಹೋಗುವುದರಲ್ಲಿ ಅರ್ಥವಿಲ್ಲ.

ಬಿಚ್ಚುವ ಕೆಲಸದ ಅರ್ಧ ಭಾಗ ನಟ್ಟು ಬೋಲ್ಟಿನದು. ಬ್ಯಾಟರಿ, ಪೆಟ್ರೋಲ್ ಟ್ಯಾಂಕು ಮೊದಲು ಹೊರಗೆ ಬರಬೇಕು. ಟ್ಯಾಂಕು ಖಾಲಿಯಿದ್ದರೂ ಒಳಗಿನ ಆವಿ ಒಂದು ಕಿಡಿಗೆ ಸಾಕು. ಆಮೇಲೆ ರಬ್ಬರ್ ಬೀಡಿಂಗ್ ಬಿಡಿಸಿ ಗಾಜು, ನಂತರ ಬಾನೆಟ್ಟು, ಬಾಗಿಲು, ಡಿಕ್ಕಿ. ಅಂಬಾಸಡರ್‌ನ ಮುಂದಿನ ಮಡ್ಗಾರ್ಡುಗಳು ಬೋಲ್ಟಿನ ಮೇಲೆ ನಿಂತಿವೆ. ಜಂಗು ಹಿಡಿದ ಬೋಲ್ಟಿಗೆ ಹಿಂದಿನ ದಿನವೇ ಡೀಸೆಲ್ ಸುರಿದು ಬಿಟ್ಟು, ಪಾನಾ ಹಾಕಿ ಸ್ವಲ್ಪ ಬಿಚ್ಚಿ, ಸ್ವಲ್ಪ ಬಿಗಿದು, ಮತ್ತೆ ಬಿಚ್ಚಿದರೆ ಬಹಳಷ್ಟು ಕೈಗೆ ಬರುತ್ತವೆ. ಅವಸರ ಮಾಡಿದರೆ ಒಳಗೆ ಬೆಸೆದ ನಟ್ಟೇ ತಗಡಿನ ಸಮೇತ ಕಿತ್ತುಬರುತ್ತದೆ. ಬಾಗಿಲು ಬಿಚ್ಚುವಾಗ ಹಿಂಜಿನ ಸಂದಿಯಲ್ಲಿ ಸಿಕ್ಕ ತೆಳು ತಗಡಿನ ಚೂರುಗಳನ್ನು ಎಸೆಯುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಬಾಗಿಲಿನ ಸಂದಿಯನ್ನು ಸರಿಹೊಂದಿಸಲು ಕೂರಿಸಿದ ಚೂರುಗಳು ಅವು. ಯಾವ ಹಿಂಜಿನಲ್ಲಿ ಎಷ್ಟಿದ್ದವು ಎಂದು ಚೀಟಿ ಬರೆದು ಕಟ್ಟಿಟ್ಟರೆ ಮುಂದೆ ಕೂಡಿಸುವವನಿಗೆ ಎಷ್ಟೋ ದಾರಿ ಸಿಗುತ್ತದೆ.

ಬೆಸುಗೆಯ ಭಾಗ ಬಂದಾಗ ನಮ್ಮವರು ಎಡವುತ್ತಾರೆ. ಸಿಲ್ಲು, ನೆಲದ ತಗಡು, ಪಿಲ್ಲರಿನ ಬುಡ ಎಲ್ಲ ಚುಕ್ಕೆ ಚುಕ್ಕೆಯಾಗಿ ಸ್ಪಾಟ್ ವೆಲ್ಡ್ ಆಗಿರುತ್ತವೆ. "ಗ್ಯಾಸ್ ಹಿಡದು ಕೊಯ್ದು ಕೊಡ್ತೇನ್ರೀ ಸಾವ್ಕಾರ್ರ, ಅರ್ಧಾ ತಾಸಿನ ಕೆಲಸ" ಎನ್ನುವುದು ಎಲ್ಲ ಕಡೆ ಕೇಳಿಬರುವ ಮಾತು. ಅರ್ಧ ತಾಸಿನ ಕೆಲಸವೇ ಹೌದು. ಆದರೆ ಒಂದು ಮಿಲಿಮೀಟರಿನ ಆಸುಪಾಸಿನ ತಗಡಿಗೆ ಗ್ಯಾಸಿನ ಬೆಂಕಿ ತಗುಲಿದರೆ ಕೊಯ್ದ ಗೆರೆಯಿಂದ ಬಹುದೂರದವರೆಗೆ ಅದು ಅಲೆಯಲೆಯಾಗಿ ಏಳುತ್ತದೆ. ಹಳೇ ಜೋಡಣೆಗಳಲ್ಲಿ ತುಂಬಿದ ಸೀಸ ಕರಗಿ ಅದರ ಹೊಗೆ ಕೊಯ್ಯುವವನ ಎದೆಗೆ ಇಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತಗಡಿನ ಅಂಚಿನ ಮಡಿಕೆ, ಹೊಸ ಕಾರಿನ ಮೇಲೆ ಕೂರಬೇಕಾದ ಜಾಗ, ಅಲ್ಲೇ ಉರಿದುಹೋಗುತ್ತದೆ. ಮಡಿಕೆ ಇಲ್ಲದ ತಗಡನ್ನು ಅಂಚಿಗೆ ಅಂಚು ಕೊಟ್ಟು ಬೆಸೆಯುವ ಹಾಗಾದರೆ ಡೋನರ್ ಕಾರು ಹುಡುಕುವ ಅಗತ್ಯವಾದರೂ ಏನಿತ್ತು?

ಸರಿಯಾದ ದಾರಿ ನಿಧಾನದ್ದು, ಆದರೆ ಕಷ್ಟದ್ದಲ್ಲ. ವೈರ್ ಬ್ರಷ್ಷಿನಿಂದ ಬಣ್ಣ ಕೆರೆದರೆ ಐದಾರು ಮಿಲಿಮೀಟರಿನ ಬೆಸುಗೆಯ ಚುಕ್ಕೆಗಳು ಸಾಲಾಗಿ ಕಾಣುತ್ತವೆ. ಪ್ರತಿಯೊಂದರ ನಡುವೆ ಪಂಚಿನಿಂದ ಗುರುತು ಹೊಡೆದು, ಮೇಲಿನ ತಗಡು ಮಾತ್ರ ತೂತಾಗುವಂತೆ ಡ್ರಿಲ್ ಮಾಡಬೇಕು. ಕೊರೆದ ಪುಡಿಯ ಬಣ್ಣ ನೋಡಿ, ಕೈಗೆ ತಾಗುವ ಎದುರೊತ್ತಡ ನೋಡಿ ಎಲ್ಲಿ ನಿಲ್ಲಿಸಬೇಕೆಂದು ನಾಲ್ಕಾರು ಚುಕ್ಕೆಗಳಾಗುವಷ್ಟರಲ್ಲಿ ತಿಳಿಯುತ್ತದೆ. ಆಮೇಲೆ ತೆಳು ಚಾಣವನ್ನು ಎರಡು ತಗಡಿನ ನಡುವೆ ತೂರಿಸಿ ಮೆಲ್ಲಗೆ ಬಡಿದರೆ ಜೋಡಣೆ ಬಿಡುತ್ತದೆ. ಜಾಗ ಇಕ್ಕಟ್ಟಾದರೆ ಬೇಕಾದ್ದಕ್ಕಿಂತ ಎರಡು ಮೂರು ಇಂಚು ಹೆಚ್ಚಾಗಿ ಗ್ರೈಂಡರಿನಲ್ಲಿ ಕೊಯ್ದು ತಂದು, ಬೆಂಚಿನ ಮೇಲಿಟ್ಟುಕೊಂಡು ಬಿಡಿಸಬಹುದು. ಇನ್ನೊಂದು ಮಾತು: ಅಂಬಾಸಡರ್‌ಗೆ ಬೇರೆ ಚಾಸಿ ಇಲ್ಲ, ಮೈಯೇ ಅದರ ಬೆನ್ನೆಲುಬು. ಆದ್ದರಿಂದ ತಗಡು ತೊಡುವ ಕಾರಿನ ಸಿಲ್ಲು ಕೊಯ್ಯುವ ಮೊದಲು ಬಾಗಿಲಿನ ಚೌಕಕ್ಕೆ ಆಂಗಲ್ ಕಬ್ಬಿಣ ಬೆಸೆದು ಬಿಗಿಮಾಡದಿದ್ದರೆ ಮೈ ಕುಸಿದು, ಆಮೇಲೆ ಯಾವ ಬಾಗಿಲೂ ಮುಚ್ಚುವುದಿಲ್ಲ. 1961ರಿಂದ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಈ ರಗಳೆ ಕಡಿಮೆ. ಅದಕ್ಕೆ ಬೇರೆ ಚಾಸಿ ಇದೆ, ಮೈಯ ತುಂಡುಗಳು ಬೋಲ್ಟಿನಲ್ಲಿ ಬಿಚ್ಚಿಬರುತ್ತವೆ. ನಮ್ಮ ಹಳ್ಳಿಗಳಲ್ಲಿ ಓಡಿದ ಮಹೀಂದ್ರ ಜೀಪೂ ಚಾಸಿಯ ಮೇಲೆ ಮೈ ಹೊತ್ತದ್ದೇ.

ಒಂದನ್ನು ಕೊಂದು ಇನ್ನೊಂದನ್ನು ಬದುಕಿಸುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಓಡುವ, ಅಥವಾ ಸ್ವಲ್ಪ ಖರ್ಚಿನಲ್ಲಿ ಓಡಬಲ್ಲ ಕಾರನ್ನು ಬರೀ ಬಾಗಿಲಿಗಾಗಿ ಕೊಯ್ಯುವುದು ತಪ್ಪು. ಹಾಗೆಯೇ ಅಂಗೈಯಗಲ ಜಂಗು ಹಿಡಿದ ಮಾತ್ರಕ್ಕೆ ಕಾರಿನ ಸ್ವಂತ ಮಡ್ಗಾರ್ಡನ್ನು ಎಸೆದು ಡೋನರಿನದನ್ನು ಹಾಕುವುದೂ ತಪ್ಪು. ಅಷ್ಟಕ್ಕೆ ಒಂದು ಪ್ಯಾಚ್ ಸಾಕು. ಮೊದಲು ಸರಕಾರಿ ಕಚೇರಿಗಳ ಅಂಬಾಸಡರ್, ಜೀಪುಗಳು ಹರಾಜಿಗೆ ಬಂದು ಹಲವು ಕೈಗೆ ಸೇರುತ್ತಿದ್ದವು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರಕಾರಿ ವಾಹನಗಳ ನೋಂದಣಿ ಮುಂದುವರಿಯುವುದಿಲ್ಲ, ಅವು ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಹೋಗಬೇಕು. ಗೋದಾಮಿನ ಹಿಂದೆ ಉಳಿದ ಖಾಸಗಿ ಕಾರುಗಳ ಬೆಲೆ ಇದರಿಂದ ಇನ್ನಷ್ಟು ಏರಿತೆಂದೇ ಲೆಕ್ಕ.

ಕಾಗದಪತ್ರದ ವಿಷಯದಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡಲಾರೆ. ತಗಡು ಬರಬಹುದು, ಡೋನರಿನ ನಂಬರ್ ಪ್ಲೇಟಾಗಲಿ ಚಾಸಿ ನಂಬರಾಗಲಿ ಅದರೊಂದಿಗೆ ಬರಕೂಡದು. ವಾಹನ ನಾಶವಾದರೆ ಮಾಲೀಕರು 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೇ ಕಲಮು ಹೇಳುತ್ತದೆ. 2021ರ ಜುಲೈನಲ್ಲಿ ಬಂದ ವಿಂಟೇಜ್ ನಿಯಮದ ಪ್ರಕಾರ 50 ವರ್ಷ ದಾಟಿದ ಕಾರು ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ ಶೆಲ್, ಎಂಜಿನ್ ಮಾರ್ಪಾಡಾಗಿರಬಾರದು. ಯಾವ ತುಂಡು ಎಲ್ಲಿಂದ ಬಂತೆಂಬ ಫೋಟೊ, ರಸೀದಿ ಇಟ್ಟುಕೊಳ್ಳುವುದು ಆ ದೃಷ್ಟಿಯಿಂದಲೂ ಒಳ್ಳೆಯದು.

ಇಷ್ಟೆಲ್ಲ ಗೊತ್ತಿದ್ದೂ ಗ್ಯಾಸ್ ಏಕೆ ಹಚ್ಚುತ್ತಾರೆ? ಟಿಂಕರ್‌ನ ಕೈಯಲ್ಲಿ ದೋಷವಿಲ್ಲ, ದೋಷ ತಕ್ಕಡಿಯಲ್ಲಿದೆ. ಗುಜರಿಯಲ್ಲಿ ತಗಡು ತೂಕಕ್ಕೆ ಹೋಗುತ್ತದೆ. ಮಡಿಕೆ ಉಳಿದ ಮಡ್ಗಾರ್ಡಿಗೂ ಸುಟ್ಟ ಮಡ್ಗಾರ್ಡಿಗೂ ಕಿಲೋ ದರ ಒಂದೇ ಆದಾಗ, ಚುಕ್ಕೆ ಚುಕ್ಕೆ ಕೊರೆಯುತ್ತ ಇಡೀ ದಿನ ಕಳೆಯುವವನಿಗೆ ನಷ್ಟವೇ ಗತಿ. ಡೋನರ್ ಕೊಳ್ಳುವವರು ಈ ಲೆಕ್ಕವನ್ನು ಬದಲಿಸಬಲ್ಲರು. ಕಾರನ್ನು ಇಡಿಯಾಗಿ ತೂಕದ ಬೆಲೆಗೆ ಮಾತಾಡುವ ಬದಲು ಬಾಗಿಲಿಗೆ ಇಷ್ಟು, ಅಂಚು ಕೆಡದ ಸಿಲ್ಲಿಗೆ ಇಷ್ಟು ಎಂದು ತುಂಡಿನ ಲೆಕ್ಕದಲ್ಲಿ ಮೊದಲೇ ಕರಾರು ಮಾಡಿಕೊಳ್ಳಲಿ. ಬಿಚ್ಚುವವನಿಗೆ ದಿನಗೂಲಿ ಬೇರೆ ಕೊಡಲಿ, ಡ್ರಿಲ್ ಬಿಟ್ಟುಗಳ ಖರ್ಚನ್ನೂ ತಾವೇ ಹೊರಲಿ. ಹಾಗೆ ಕರಾರಾದ ಕಡೆ ಸಿಲಿಂಡರಿನ ಕೀಲಿಯನ್ನು ಯಾರೂ ಹೇಳದೆಯೇ ಟಿಂಕರ್‌ನೇ ತಿರುಗಿಸಿ ಬಂದ್ ಮಾಡುತ್ತಾನೆ.