ಲಡಾಖಿನ ಮನೆತೋಟ

ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದ್ದು, ಹಿಮಾಲಯದ ಮಳೆನೆರಳಿನಲ್ಲಿ ಸಿಲುಕಿ, ಮಳೆ ಹಿಮ ಎರಡೂ ಸೇರಿ ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಾತ್ರ ಕಾಣುವ ಲೇಹ್ ಪ್ರದೇಶದಲ್ಲಿ ಮನೆಯ ಮಗ್ಗುಲಲ್ಲೇ ಮೂಲಂಗಿ, ಟರ್ನಿಪ್, ಸೊಪ್ಪು, ಕ್ಯಾರೆಟ್ ಬೆಳೆಯುವ ತೋಟಗಳಿರುವುದು ನೀರಿನ ಶಿಸ್ತಿನಿಂದ ಸಾಧ್ಯವಾದ ಸಂಗತಿ. ಮೇಲಿನ ಹಿಮ ಕರಗಿ ಹರಿಯುವ ನೀರನ್ನು ‘ಯೂರಾ’ ಎಂಬ ಕಾಲುವೆಗಳು ಹೊತ್ತು ತರುತ್ತವೆ. ಅದನ್ನು ‘ಝಿಂಗ್’ ಎಂಬ ಪುಟ್ಟ ಕಟ್ಟೆಗಳಲ್ಲಿ ರಾತ್ರಿ ತುಂಬಿಸಿಟ್ಟು ಹಗಲು ಹಾಯಿಸುತ್ತಾರೆ. ಯಾರ ಪಾಳಿ ಯಾವಾಗ ಎಂಬುದನ್ನು ನೋಡಿಕೊಳ್ಳುವ ‘ಚುರ್ಪೋನ್’ ಕನ್ನಡನಾಡಿನ ಕೆರೆಬಯಲುಗಳ ನೀರುಗಂಟಿಗೆ ಸಮಾನನಾದವನು.

ಮರಳು ಹೆಚ್ಚಾಗಿ ಸಾವಯವ ಅಂಶ ಕಡಿಮೆಯಿರುವ ಅಲ್ಲಿನ ಮಣ್ಣಿಗೆ ಸಾರ ಒದಗಿಸುವುದು ದನಕುರಿಗಳ ಗೊಬ್ಬರ ಮತ್ತು, ಹೇಳಲು ಸಂಕೋಚಪಡಬೇಕಿಲ್ಲ, ಮನೆಯ ಒಣ ಶೌಚಾಲಯದಲ್ಲಿ ಮಣ್ಣು, ಬೂದಿಗಳೊಡನೆ ಬೆರೆತು ಮಾಗಿದ ಗೊಬ್ಬರ. ಹನಿ ನೀರನ್ನೂ ಕೆಡಿಸದ ಈ ಏರ್ಪಾಡಿನ ಮುಂದೆ ನೀರು ಸುರಿದು ತೊಳೆಯುವ ನಗರದ ಶೌಚಾಲಯ ದುಂದುಗಾರಿಕೆಯೆಂದೇ ತೋರುತ್ತದೆ.

ಬೇಸಿಗೆ ಕೆಲವೇ ತಿಂಗಳದ್ದಾದ್ದರಿಂದ ಗೆಡ್ಡೆಗಳನ್ನು ನೆಲದೊಳಗಿನ ಗುಂಡಿಗಳಲ್ಲಿ, ಮಂಜು ಇಳಿಯದ ಆಳದಲ್ಲಿ ಕಾಪಿಡುತ್ತಾರೆ. ಇತ್ತೀಚಿನ ದಶಕಗಳಲ್ಲಿ ಹರಡಿದ ಸೌರ ಹಸಿರುಮನೆಯಾದರೋ, ಮೂರು ಕಡೆ ದಪ್ಪ ಮಣ್ಣಿಟ್ಟಿಗೆಯ ಗೋಡೆ, ದಕ್ಷಿಣಕ್ಕೆ ಪಾಲಿಥೀನ್ ಹೊದಿಕೆ ಇಷ್ಟರಿಂದಲೇ ಹಗಲಿನ ಬಿಸಿಲ ಕಾವನ್ನು ಗೋಡೆಯಲ್ಲಿ ಹಿಡಿದಿಟ್ಟು ಇರುಳಿಗೆ ಹಿಂದಿರುಗಿಸುತ್ತ, ಹೊರಗೆ ನೀರು ಹೆಪ್ಪುಗಟ್ಟಿದ್ದಾಗಲೂ ಪಾಲಕ್ ಸೊಪ್ಪನ್ನು ಬೆಳೆಸುತ್ತದೆ.