ಪೊಲೆಂಟಾ ಅಂದ್ರೆ ಯಾವ ಹಿಟ್ಟು?

ಮಾಂಜೋನಿಯ ‘ಇ ಪ್ರೊಮೆಸ್ಸಿ ಸ್ಪೋಸಿ’ ಕಾದಂಬರಿಯ ಆರನೇ ಅಧ್ಯಾಯದಲ್ಲಿ ಟೋನಿಯೋ ಮನೆ ಒಲೆಯ ಮೇಲೆ ಪೊಲೆಂಟಾ ಬೇಯ್ತಿದೆ. ಮೊದಲ ಸಲ ಓದಿದಾಗ ನನ್ನ ಕಣ್ಣಮುಂದೆ ಬಂದದ್ದು ಕೆಫೆ ಮೆನುವಿನ ಹಳದಿ ಪೊಲೆಂಟಾ. ತಪ್ಪು ನನ್ನದು. ಮಾಂಜೋನಿ ಬರೆದಿರೋದು ಬೂದು ಬಣ್ಣದ್ದು, ಬಕ್‌ವೀಟ್ ಹಿಟ್ಟಿನದು. ಕಥೆ ಶುರುವಾಗೋದು 1628ರಲ್ಲಿ, ಬರಗಾಲ.

ಲ್ಯಾಟಿನ್‌ನಲ್ಲಿ ಪೊಲೆಂಟಾ ಅಂದ್ರೆ ಬಾರ್ಲಿ ಹಿಟ್ಟು. ಆಮೇಲೆ ಅಮೆರಿಕದಿಂದ ಮೆಕ್ಕೆಜೋಳ ಬಂತು; ಹಿಟ್ಟು ಬದಲಾಯ್ತು, ಹೆಸರು ಹಾಗೇ ಉಳೀತು. ರೊಮೇನಿಯಾದವರು ಮಮಲಿಗ ಮಾಡೋ ‘ಮಲಾಯ್’ ಹಿಟ್ಟಿನ ಕಥೆಯೂ ಇದೇ. ಮೊದಲು ಆ ಪದಕ್ಕೆ ಕಿರುಧಾನ್ಯ ಅನ್ನೋ ಅರ್ಥ ಇತ್ತು. (ಹಂಗೇರಿಯಲ್ಲಿ ಪುಲಿಸ್ಕಾ, ಬಲ್ಗೇರಿಯಾದಲ್ಲಿ ಕಚಮಾಕ್. ಹೆಸರಿಗೇನು ಬರವಿಲ್ಲ!)

ಇದನ್ನ ಕನ್ನಡಕ್ಕೆ ತರೋವಾಗ ‘ಜೋಳದ ಗಂಜಿ’ ಅಂದುಬಿಟ್ರೆ ನಾನು ಒಪ್ಪಲ್ಲ. ನಮ್ಮ ರೊಟ್ಟಿಯ ಜೋಳವೇ ಬೇರೆ. ಹಲಗೆ ಮೇಲೆ ಸುರಿದು, ದಾರದಿಂದ ಕತ್ತರಿಸಿ ತಿನ್ನೋದು ಗಂಜಿ ಹೇಗಾಗುತ್ತೆ? ಮುದ್ದೆ ಅನ್ನಿ, ಹತ್ತಿರ ಬರುತ್ತೆ. ಹಿಟ್ಟು ಯಾವುದು ಅಂತಲೂ ಹೇಳಿ, ಯಾಕಂದ್ರೆ ಅದರಲ್ಲಿ ಸಾವು-ಬದುಕಿನ ವಿಷಯ ಇದೆ. ಮೆಕ್ಸಿಕೋದ ಜನ ಮೆಕ್ಕೆಜೋಳವನ್ನ ಸುಣ್ಣದ ನೀರಲ್ಲಿ ಬೇಯಿಸ್ತಿದ್ರು. ಅದರಿಂದ ನಯಾಸಿನ್ ಮೈಗೆ ಹತ್ತುತ್ತೆ. ಯುರೋಪು ಕಾಳು ತಗೊಂಡಿತು, ಸುಣ್ಣ ಬಿಟ್ಟಿತು. ಹಳದಿ ಪೊಲೆಂಟಾವನ್ನೇ ನಂಬಿಕೊಂಡಿದ್ದ ಉತ್ತರ ಇಟಲಿಯ ಬಡವರಿಗೆ ಪೆಲ್ಲಾಗ್ರಾ ಬಂತು: ಚರ್ಮ ಒರಟಾಗಿ, ಬುದ್ಧಿ ಕೆಟ್ಟು, ಎಷ್ಟೋ ಜನ ಸತ್ತರು.

ಟೋನಿಯೋ ಮನೆಗೆ ಆ ರೋಗ ಇನ್ನೂ ಬಂದಿಲ್ಲ. ಅಲ್ಲಿರೋದು ಬರೀ ಹಸಿವು. ಮಕ್ಕಳು ಪಾತ್ರೆಯನ್ನೇ ನೋಡ್ತಾ ನಿಂತಿದ್ದಾರೆ. ಮುದ್ದೆ ಚಿಕ್ಕದು, ಅದರ ಅಳತೆ ಗೊತ್ತುಮಾಡಿದ್ದು ಆ ವರ್ಷದ ಬೆಳೆ, ತಿನ್ನೋ ಬಾಯಿಗಳ ಲೆಕ್ಕ ಅಲ್ಲ.