ಹ್ಯಾಮ್‌ಲಿಬ್: ಎಲ್ಲ ರೇಡಿಯೋಗಳಿಗೂ ಒಂದೇ ಭಾಷೆಯೇ?

ಹವ್ಯಾಸಿ ರೇಡಿಯೋ ನಿಲಯದಲ್ಲಿ ಗುಂಡಿ ತಿರುಗಿಸುವ ಕೆಲಸವನ್ನು ಇಂದು ಬಹುಮಟ್ಟಿಗೆ ಗಣಕವೇ ಮಾಡಬಲ್ಲದು. ಆದರೆ ಒಬ್ಬೊಬ್ಬ ತಯಾರಕರ ರೇಡಿಯೋದ್ದೂ ಒಂದೊಂದು ಭಾಷೆ. 14.074 ಮೆಗಾಹರ್ಟ್ಸ್‌ಗೆ ಹೋಗು ಎನ್ನಲು ಕೆನ್‌ವುಡ್ ಟಿಎಸ್-2000ಕ್ಕೆ ಎಫ್, ಎ ಎಂಬ ಎರಡು ಅಕ್ಷರ, ಮುಂದೆ 11 ಅಂಕಿ, ಕೊನೆಗೆ ಅರ್ಧವಿರಾಮ ಚಿಹ್ನೆ ಕಳುಹಿಸಬೇಕು. ಯಾಯೆಸು ಎಫ್‌ಟಿ-817ಕ್ಕೆ ಬೇಕಾದದ್ದು 5 ಬೈಟ್‌ಗಳು: ನಾಲ್ಕರಲ್ಲಿ ಆವರ್ತಾಂಕ, ಐದನೆಯದರಲ್ಲಿ ಆಜ್ಞೆ. ಐಕಾಮ್ ರೇಡಿಯೋಗಳಿಗಾದರೋ ಆವರ್ತಾಂಕದ ಬೈಟ್‌ಗಳು ಕಿರಿಯ ಸ್ಥಾನದಿಂದ, ಅಂದರೆ ಹಿಂದುಮುಂದಾಗಿ ಹೋಗಬೇಕು.

ಈ ಗೊಂದಲವನ್ನು ನಿವಾರಿಸಲು 2000ದಲ್ಲಿ ಆರಂಭವಾದ ಮುಕ್ತ ತಂತ್ರಾಂಶ ಭಂಡಾರವೇ ಹ್ಯಾಮ್‌ಲಿಬ್. ಸಿ ಭಾಷೆಯಲ್ಲಿ ಬರೆದ ಇದು ನಡುವಿನ ದುಭಾಷಿ. ‘ಆವರ್ತಾಂಕ ಬದಲಿಸು’ ಎಂದು ಕಾರ್ಯಕ್ರಮ ಒಮ್ಮೆ ಹೇಳಿದರೆ ಸಾಕು, ಆಯಾ ರೇಡಿಯೋದ ನುಡಿಗೆ ಅದು ಅನುವಾದಿಸುತ್ತದೆ.

ಇದರ ಬೆಲೆ ತಿಳಿಯುವುದು ಉಪಗ್ರಹ ಸಂಪರ್ಕದಲ್ಲಿ. ಇಸ್ರೋ 2005ರ ಮೇ 5ರಂದು ಹಾರಿಸಿದ, 2014ರವರೆಗೆ ಸೇವೆ ಸಲ್ಲಿಸಿದ ಹ್ಯಾಮ್‌ಸ್ಯಾಟ್‌ನ ಉದಾಹರಣೆ ನೋಡಿ. ಸೆಕೆಂಡಿಗೆ ಸುಮಾರು 7.5 ಕಿಲೋಮೀಟರ್ ವೇಗದ ಇಂಥ ಉಪಗ್ರಹ ಸಮೀಪಿಸುವಾಗ 435 ಮೆಗಾಹರ್ಟ್ಸ್ ಸಂಕೇತ ಡಾಪ್ಲರ್ ಪರಿಣಾಮದಿಂದ ಸುಮಾರು 10 ಕಿಲೋಹರ್ಟ್ಸ್ ಮೇಲಕ್ಕೂ, ದೂರ ಸರಿಯುವಾಗ ಅಷ್ಟೇ ಕೆಳಕ್ಕೂ ಜಾರುತ್ತದೆ. ಕೆಲವೇ ನಿಮಿಷಗಳಲ್ಲಿ ನಡೆಯುವ ಈ ಬದಲಾವಣೆಯನ್ನು ಕೈಯಿಂದ ಸರಿದೂಗಿಸುವುದು ಕಷ್ಟ. ಜಿಪ್ರೆಡಿಕ್ಟ್ ಕಾರ್ಯಕ್ರಮ ಹ್ಯಾಮ್‌ಲಿಬ್ ಮೂಲಕ ಆವರ್ತಾಂಕವನ್ನು ತಿದ್ದುತ್ತದೆ, ಆಂಟೆನಾವನ್ನೂ ತಿರುಗಿಸುತ್ತದೆ.

ಹಾಗಾದರೆ ‘ಒಂದೇ ಭಾಷೆ’ಯ ಭರವಸೆ ಪೂರ್ಣವಾಗಿ ಈಡೇರಿದೆಯೇ? ಇಲ್ಲವೆಂದೇ ಹೇಳಬೇಕು. ಮೊದಲನೆಯದಾಗಿ, ಭಂಡಾರದ ಪಟ್ಟಿಯಲ್ಲಿರುವ ಎಲ್ಲ ಮಾದರಿಗಳೂ ಒಂದೇ ಮಟ್ಟದಲ್ಲಿ ಪರೀಕ್ಷೆಗೆ ಒಳಗಾಗಿಲ್ಲ. ಕೆಲವಕ್ಕೆ ‘ಸ್ಥಿರ’ ಎಂಬ ಗುರುತಿದ್ದರೆ ಕೆಲವಕ್ಕೆ ‘ಪರೀಕ್ಷಿಸಿಲ್ಲ’ ಎಂದಿದೆ. ಸ್ವಯಂಸೇವಕರ ಬಳಿ ಆ ರೇಡಿಯೋ ಇಲ್ಲದಿದ್ದರೆ ಪರೀಕ್ಷಿಸುವವರು ಯಾರು? ಈ ಗುರುತನ್ನು ಮುಚ್ಚಿಡದಿರುವುದು ಮೆಚ್ಚತಕ್ಕದ್ದು. ಆದರೆ ಬಳಸುವವರು ಅದನ್ನು ಓದಬೇಕಷ್ಟೆ.

ಎರಡನೆಯದು, ಹಳೆಯ ಬಳಕೆದಾರರ ಪಾಡು. 4ನೆಯ ಆವೃತ್ತಿಯಲ್ಲಿ ಮಾದರಿ ಸಂಖ್ಯೆಗಳೇ ಬದಲಾದವು. ಐಕಾಮ್ ಐಸಿ-7300ರ ಸಂಖ್ಯೆ 373 ಇದ್ದದ್ದು 3073 ಆಯಿತು. ಹಳೆಯ ಸಂಖ್ಯೆಯನ್ನು ನೆಚ್ಚಿ ಬರೆದಿಟ್ಟ ಆಜ್ಞಾಕಡತಗಳನ್ನೆಲ್ಲ ತಿದ್ದಬೇಕಾಯಿತು. ಹೊಸ ಮಾದರಿಗಳಿಗೆ ಎಡೆ ಬೇಕಿತ್ತು ನಿಜ. ಆದರೂ ಇತರರು ಆಧರಿಸುವ ಭಂಡಾರಕ್ಕೆ ಸ್ಥಿರತೆಯೂ ಒಂದು ಗುಣ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಇದರೊಂದಿಗೆ ಬರುವ ರಿಗ್‌ಸಿಟಿಎಲ್‌ಡಿ ಎಂಬ ಸೇವಾ ಕಾರ್ಯಕ್ರಮ ಜಾಲದ 4532ನೆಯ ದ್ವಾರದಲ್ಲಿ ಸರಳ ಪಠ್ಯದ ಆಜ್ಞೆಗಳಿಗೆ ಕಿವಿಗೊಟ್ಟು ಕೂರುತ್ತದೆ. ಆವರ್ತಾಂಕ ಕೇಳುವುದಷ್ಟೇ ಅಲ್ಲ, ಪ್ರೇಷಕವನ್ನು ಚಾಲೂ ಮಾಡುವ ಆಜ್ಞೆಯೂ ಅದಕ್ಕೆ ತಿಳಿದಿದೆ. ಈ ದ್ವಾರವನ್ನು ಅಂತರಜಾಲಕ್ಕೆ ತೆರೆದಿಟ್ಟರೆ ಅಪರಿಚಿತರೂ ನಿಮ್ಮ ನಿಲಯದಿಂದ ಪ್ರಸಾರ ಮಾಡಿಯಾರು. ಉತ್ತರ ಕೊಡಬೇಕಾದವರು ಮಾತ್ರ ಪರವಾನಗಿ ಪಡೆದ ನೀವು! ಮನೆಯ ಜಾಲದ ಆಚೆಗೆ ಇದನ್ನು ನೇರವಾಗಿ ತೆರೆಯಲೇಬಾರದು.

ಈ ಕೊರತೆಗಳಿದ್ದರೂ ತರಗತಿಗೆ ಇದು ಒಳ್ಳೆಯ ಸಾಧನ. 1ನೆಯ ಸಂಖ್ಯೆಯ ಮಾದರಿ ನಿಜವಾದ ರೇಡಿಯೋ ಅಲ್ಲ, ಅಣಕು ರೇಡಿಯೋ. ರಿಗ್‌ಸಿಟಿಎಲ್ ಕಾರ್ಯಕ್ರಮದಲ್ಲಿ ಅದನ್ನು ಆರಿಸಿ, ದೊಡ್ಡಕ್ಷರದ ಎಫ್ ಜೊತೆ 14074000 ಎಂದು ಬರೆದು, ಬಳಿಕ ಸಣ್ಣಕ್ಷರದ ಎಫ್ ಒತ್ತಿದರೆ ಅದೇ ಸಂಖ್ಯೆ ಮರಳಿ ಬರುತ್ತದೆ. ಪ್ರಸಾರವೇ ಇಲ್ಲದ್ದರಿಂದ ಪರವಾನಗಿಯ ಪ್ರಶ್ನೆ ಏಳದು, ಖರ್ಚೂ ಇಲ್ಲ. ಆಕರ ಸಂಕೇತ ತೆರೆದಿರುವುದರಿಂದ ಆಜ್ಞೆಯೊಂದು ಬೈಟ್‌ಗಳಾಗುವ ಬಗೆಯನ್ನು ವಿದ್ಯಾರ್ಥಿಗಳು ಕಣ್ಣಾರೆ ಕಾಣಬಹುದು. ಶಿಕ್ಷಕರು ಇದನ್ನು ಬಳಸಲಿ. ಅದರ ಮಿತಿಗಳನ್ನೂ ಪಾಠದ ಭಾಗವಾಗಿಸಲಿ.